ಹಾಯಿದೋಣಿಯ ಮುಂಹಾಯಿ: ದೊಡ್ಡದೆಷ್ಟು, ಕಟ್ಟುವುದೆಲ್ಲಿ?

ಭಾರತೀಯ ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್‌ಗಳಾದ ದಿಲ್ನಾ ಕೆ. ಮತ್ತು ರೂಪಾ ಎ. ಅವರು ‘ತಾರಿಣಿ’ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಪೂರೈಸಿ 2025ರ ಮೇ ತಿಂಗಳ ಕೊನೆಯಲ್ಲಿ ಗೋವೆಗೆ ಮರಳಿದರು. ಎಂಟು ತಿಂಗಳ ಆ ಯಾನದ ಸುದ್ದಿಯಲ್ಲಿ ಕೇಪ್ ಹಾರ್ನ್ ಭೂಶಿರ, ದಕ್ಷಿಣ ಸಾಗರದ ಬಿರುಗಾಳಿ, ಮನೆಯೆತ್ತರದ ಅಲೆಗಳು ಎಲ್ಲವೂ ಬಂದವು. ಆದರೆ ಇಬ್ಬರೇ ಮಹಿಳೆಯರು ಅಂಥ ಗಾಳಿಯಲ್ಲಿ ಅಷ್ಟು ದೊಡ್ಡ ದೋಣಿಯನ್ನು ಹಿಡಿತದಲ್ಲಿ ಇಟ್ಟುಕೊಂಡದ್ದು ಹೇಗೆ ಎಂಬ ಪ್ರಶ್ನೆ ಹೆಚ್ಚಿನ ಓದುಗರ ಮನಸ್ಸಿನಲ್ಲಿ ಹಾಗೆಯೇ ಉಳಿದಿರಬೇಕು. ತರಬೇತಿ, ಧೈರ್ಯ, ದೈಹಿಕ ಬಲ ಇವೆಲ್ಲ ಸರಿಯೇ. ಇವುಗಳ ಜೊತೆಗೆ ಸೇರಬೇಕಾದ ಇನ್ನೊಂದು ಸಂಗತಿಯೂ ಉಂಟು. ಗಾಳಿ ಏರಿದಾಗ ಹಾಯಿಯನ್ನು ಕುಗ್ಗಿಸಲು ಸುಲಭವಾದ ಏರ್ಪಾಡು ದೋಣಿಯಲ್ಲಿ ಮೊದಲೇ ಇರಬೇಕು.

ದೀರ್ಘ ಕಡಲಯಾನಕ್ಕೆ ದೋಣಿ ಕೊಳ್ಳುವವರು, ಕೊಂಡ ದೋಣಿಯನ್ನು ಸಜ್ಜುಗೊಳಿಸುವವರು ಬಹಳ ಹೊತ್ತು ಚರ್ಚಿಸುವ ವಿಷಯಗಳಲ್ಲಿ ಇದೂ ಒಂದು. ಹಾಯಿಕಂಬದ ಮುಂದೆ ಎಂಥ ಹಾಯಿ ಇರಬೇಕು? ಅದು ಒಂದೇ ಸಾಕೆ, ಎರಡು ಬೇಕೆ? ಎರಡನೆಯದನ್ನು ಕಟ್ಟುವ ತಂತಿ ಎಲ್ಲಿರಬೇಕು? ಮೇಲ್ನೋಟಕ್ಕೆ ಇದು ವೇಗದ ಲೆಕ್ಕದಂತೆ ಕಾಣುತ್ತದೆ. ಕಡಲಿಗಿಳಿದ ಮೇಲೆ ಇದು ಹಾಯಿಕಂಬ ನಿಲ್ಲುವ, ಬೀಳುವ ಪ್ರಶ್ನೆಯಾಗಿಬಿಡುತ್ತದೆ.

ತಂತಿಗೆ ಎರಡು ಕೆಲಸ

ಸಾಮಾನ್ಯ ಯಾನದೋಣಿಗೆ ಒಂದು ಕಂಬ, ಎರಡು ಹಾಯಿ. ಕಂಬದ ಹಿಂದೆ ಮುಖ್ಯ ಹಾಯಿ, ಕಂಬದ ಮುಂದೆ ತ್ರಿಕೋನಾಕಾರದ ಮುಂಹಾಯಿ. ಈ ಕಂಬ ತನ್ನಷ್ಟಕ್ಕೆ ತಾನೇ ನಿಲ್ಲಲಾರದು. ಸರ್ಕಸ್ ಡೇರೆಯ ಕಂಬವನ್ನು ಸುತ್ತಲಿಂದ ಹಗ್ಗ ಬಿಗಿದು ನಿಲ್ಲಿಸುವಂತೆ, ಇದನ್ನೂ ನಾಲ್ಕೂ ದಿಕ್ಕಿನಿಂದ ಉಕ್ಕಿನ ತಂತಿಗಳು ಹಿಡಿದಿರುತ್ತವೆ. ಎಡಬಲದ ತಂತಿಗಳಿಗೆ ಶ್ರೌಡ್ ಎಂದು ಹೆಸರು. ಹಿಂದುಮುಂದಿನವು ಸ್ಟೇ. ದೋಣಿಯ ಮೂತಿಯಿಂದ ಕಂಬದ ಮೇಲ್ತುದಿಗೆ ಹೋಗುವುದು ಫೋರ್‌ಸ್ಟೇ, ಹಿಂತುದಿಯಿಂದ ಹೋಗುವುದು ಬ್ಯಾಕ್‌ಸ್ಟೇ.

ಫೋರ್‌ಸ್ಟೇ ಕಂಬವು ಹಿಂದಕ್ಕೆ ಬೀಳದಂತೆ ತಡೆಯುತ್ತದೆ. ಜೊತೆಗೆ ಮುಂಹಾಯಿಯ ಮುಂದಿನ ಅಂಚನ್ನೂ ಅದೇ ಹೊರುತ್ತದೆ. ಅಂದರೆ ಹಾಯಿಯ ಮೇಲೆ ಬಿದ್ದ ಗಾಳಿಯ ಹೊರೆಯೆಲ್ಲ ಕಂಬವನ್ನು ನಿಲ್ಲಿಸಿರುವ ತಂತಿಗೇ ವರ್ಗವಾಗುತ್ತದೆ. ಹೊರೆ ಹೆಚ್ಚಿದಂತೆ ತಂತಿ ಬಿಲ್ಲಿನಂತೆ ಬಾಗುತ್ತದೆ. ತಂತಿ ಬಾಗಿದರೆ ಹಾಯಿಯ ಹೊಟ್ಟೆ ಉಬ್ಬುತ್ತದೆ. ಹೊಟ್ಟೆ ಉಬ್ಬಿದ ಹಾಯಿ ದೋಣಿಯನ್ನು ಮುಂದಕ್ಕೆ ಎಳೆಯುವುದಕ್ಕಿಂತ ಪಕ್ಕಕ್ಕೆ ವಾಲಿಸುವುದೇ ಹೆಚ್ಚು. ಗಾಳಿ ಬಲವಾದಾಗ ಹಾಯಿ ಚಪ್ಪಟೆಯಾಗಿರಬೇಕು, ತಂತಿ ಸಡಿಲವಿದ್ದರೆ ಆಗುವುದು ಇದಕ್ಕೆ ತದ್ವಿರುದ್ಧ. ಹೀಗಾಗಿ ಹಾಯಿಯ ಆಯ್ಕೆಯನ್ನೂ ತಂತಿಯ ಆಯ್ಕೆಯನ್ನೂ ಬೇರೆಬೇರೆಯಾಗಿ ಮಾಡಲು ಬರುವುದಿಲ್ಲ.

ಗಾಳಿ ಇಮ್ಮಡಿ, ಒತ್ತಡ ನಾಲ್ಮಡಿ

ಮುಂಹಾಯಿಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಜೆನೊವಾ. ಕಂಬದ ಮುಂದಿನ ತ್ರಿಕೋನವನ್ನು ತುಂಬಿ, ಕಂಬವನ್ನು ದಾಟಿ ಹಿಂದಕ್ಕೂ ಚಾಚುವ ದೊಡ್ಡ ಹಾಯಿ ಇದು. ಸ್ವೀಡನ್ನಿನ ಸ್ವೆನ್ ಸಲೇನ್ 1920ರ ದಶಕದಲ್ಲಿ ಇಟಲಿಯ ಜೆನೊವಾ ನಗರದ ಪಂದ್ಯದಲ್ಲಿ ಇದನ್ನು ಬಳಸಿ ಹೆಸರು ಮಾಡಿದ್ದರಿಂದ ಊರಿನ ಹೆಸರೇ ಹಾಯಿಗೂ ಅಂಟಿಕೊಂಡಿತು. ಇದರ ಗಾತ್ರವನ್ನು ಶೇಕಡಾ ಲೆಕ್ಕದಲ್ಲಿ ಹೇಳುವುದು ರೂಢಿ. ತ್ರಿಕೋನಕ್ಕೆ ಸರಿಹೊಂದಿದರೆ ಶೇ. 100, ಕಂಬದ ಹಿಂದಕ್ಕೆ ಚಾಚಿದಷ್ಟೂ ಶೇ. 120, 135, 150 ಎಂದು ಏರುತ್ತದೆ. ಶೇ. 100ರ ಆಸುಪಾಸಿನ ಅಥವಾ ಅದಕ್ಕಿಂತ ಚಿಕ್ಕ ಹಾಯಿಗೆ ಜಿಬ್ ಎನ್ನುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸುಮಾರು 36 ಅಡಿಯ ದೋಣಿ. ಮುಂದಿನ ತ್ರಿಕೋನದ ಎತ್ತರ 14 ಮೀಟರ್, ಬುಡದ ಅಗಲ ನಾಲ್ಕೂವರೆ ಮೀಟರ್ ಇರಲಿ. ಆಗ ತ್ರಿಕೋನದ ವಿಸ್ತೀರ್ಣ ಮೂವತ್ತೊಂದೂವರೆ ಚದರ ಮೀಟರ್. ಶೇ. 135ರ ಜೆನೊವಾ ಎಂದರೆ ಹೆಚ್ಚುಕಡಿಮೆ 42 ಚದರ ಮೀಟರ್.

ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 10 ನಾಟ್, ಅರ್ಥಾತ್ ಗಂಟೆಗೆ ಸುಮಾರು 18 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 1.6 ಕಿಲೋ ತೂಕದಷ್ಟು ಒತ್ತುತ್ತದೆ. 20 ನಾಟ್‌ಗೆ ಅದು 6.5 ಕಿಲೋ. 40 ನಾಟ್‌ಗೆ 26 ಕಿಲೋ. ಹಾಯಿಯ ಆಕಾರ ಮತ್ತು ಕೋನಕ್ಕೆ ತಕ್ಕಂತೆ ನಿಜವಾದ ಬಲ ವ್ಯತ್ಯಾಸವಾಗುತ್ತದೆಯಾದರೂ ಅಂದಾಜಿಗೆ ಈ ಲೆಕ್ಕ ಸಾಕು. ಮೇಲಿನ ಜೆನೊವಾದ ಮೇಲೆ 10 ನಾಟ್ ಗಾಳಿಯಲ್ಲಿ 70 ಕಿಲೋಗಿಂತ ಕಡಿಮೆ ಇದ್ದ ಹೊರೆ, 20 ನಾಟ್‌ನಲ್ಲಿ 270 ಕಿಲೋ ಆಗುತ್ತದೆ. ಅದೇ ಹಾಯಿ ಪೂರ್ತಿ ಬಿಚ್ಚಿದಂತೆಯೇ 40 ನಾಟ್‌ಗೆ ಸಿಕ್ಕಿಕೊಂಡರೆ ಒಂದು ಟನ್ನಿಗೂ ಹೆಚ್ಚು.

ವರ್ಲ್ಡ್ ಸೇಲಿಂಗ್ ಸಂಸ್ಥೆಯ ಸುರಕ್ಷಾ ನಿಯಮಗಳು ಇದೇ ಲೆಕ್ಕದ ಮೇಲೆ ನಿಂತಿವೆ. ದೂರದ ಕಡಲ ಓಟಗಳಲ್ಲಿ ಪಾಲ್ಗೊಳ್ಳುವ ದೋಣಿಯಲ್ಲಿ ‘ಸ್ಟಾರ್ಮ್ ಜಿಬ್’ ಎಂಬ ಪುಟ್ಟ, ದಪ್ಪ ಬಟ್ಟೆಯ ಬಿರುಗಾಳಿ ಹಾಯಿ ಇರಲೇಬೇಕು. ಅದರ ವಿಸ್ತೀರ್ಣ ಮುಂದಿನ ತ್ರಿಕೋನದ ಎತ್ತರದ ವರ್ಗದ ಶೇ. 5ನ್ನು ಮೀರಕೂಡದು. ನಮ್ಮ ಉದಾಹರಣೆಯ ದೋಣಿಗೆ ಅದು 9.8 ಚದರ ಮೀಟರ್. 40 ನಾಟ್ ಗಾಳಿಯಲ್ಲಿ ಇದರ ಮೇಲೆ ಬೀಳುವ ಹೊರೆ ಸುಮಾರು 255 ಕಿಲೋ. ಅಂದರೆ ಬಿರುಗಾಳಿಯಲ್ಲಿ ಈ ಚಿಕ್ಕ ಹಾಯಿ ಹೊರುವುದು, ಸಾಧಾರಣ ಗಾಳಿಯಲ್ಲಿ ದೊಡ್ಡ ಜೆನೊವಾ ಹೊರುವಷ್ಟನ್ನೇ. ಗಾಳಿ ಬದಲಾದರೂ ಹೊರೆ ಬದಲಾಗದಂತೆ ನೋಡಿಕೊಳ್ಳುವುದೇ ಹಾಯಿಗಾರನ ಕಸುಬು. ಮುಂಹಾಯಿಯ ಏರ್ಪಾಡನ್ನು ಆರಿಸುವವರು 42 ಚದರ ಮೀಟರಿನಿಂದ 10ಕ್ಕೆ ಇಳಿಯುವ ದಾರಿ ಯಾವುದು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಸುರುಳಿ ಸುತ್ತುವ ಸುಖ, ಅದರ ಮಿತಿ

ಒಂದು ಕಾಲದಲ್ಲಿ ಈ ದಾರಿ ಕಠಿಣವಾಗಿತ್ತು. ದೋಣಿಯ ಒಳಗೆ ನಾಲ್ಕೈದು ಗಾತ್ರದ ಮುಂಹಾಯಿಗಳ ಮೂಟೆಗಳಿರುತ್ತಿದ್ದವು. ಗಾಳಿ ಏರಿದೊಡನೆ ಒಬ್ಬರು ಕುಣಿಯುವ ಮೂತಿಗೆ ತೆವಳಿಕೊಂಡು ಹೋಗಿ, ಕಟ್ಟಿದ ಹಾಯಿಯನ್ನು ಇಳಿಸಿ, ಕೊಕ್ಕೆಗಳನ್ನು ಒಂದೊಂದಾಗಿ ಬಿಡಿಸಿ, ಚಿಕ್ಕ ಹಾಯಿಯನ್ನು ತಂತಿಗೆ ಸಿಕ್ಕಿಸಿ ಏರಿಸಬೇಕಿತ್ತು. ರೋಲರ್ ಫರ್ಲಿಂಗ್ ಸಾಧನ ಬಂದು ಈ ಕಷ್ಟವನ್ನು ಬಹುಮಟ್ಟಿಗೆ ನೀಗಿಸಿತು. ಫೋರ್‌ಸ್ಟೇ ಮೇಲೆ ಅಲ್ಯೂಮಿನಿಯಂ ಕೊಳವೆಯೊಂದನ್ನು ತೊಡಿಸಿ, ಅದರ ಗಾಡಿಯಲ್ಲಿ ಹಾಯಿಯ ಅಂಚನ್ನು ಕೂರಿಸಿರುತ್ತಾರೆ. ಹಿಂದೆ ಕುಳಿತವರು ಒಂದು ಹಗ್ಗ ಎಳೆದರೆ ಕೊಳವೆ ತಿರುಗಿ ಹಾಯಿ ಚಾಪೆಯಂತೆ ಸುತ್ತಿಕೊಳ್ಳುತ್ತದೆ. ಬೇಕಾದಷ್ಟೇ ಸುತ್ತಿ ನಿಲ್ಲಿಸಲೂಬಹುದು. ಇಂದು ಯಾನದೋಣಿಗಳಲ್ಲಿ ಇದಿಲ್ಲದವು ಅಪರೂಪ.

ಆದರೆ ಈ ಸುಖಕ್ಕೆ ಒಂದು ಎಲ್ಲೆಯಿದೆ. ಹಾಯಿ ಎನ್ನುವುದು ಚಪ್ಪಟೆ ಬಟ್ಟೆಯಲ್ಲ. ನಡುವೆ ಹೊಟ್ಟೆ ಬರುವಂತೆ ಅದನ್ನು ಹೊಲಿದಿರುತ್ತಾರೆ. ಕಂಬಿಗೆ ಸುತ್ತಿದಾಗ ಅಂಚುಗಳು ಬಿಗಿಯಾಗಿ ಸುತ್ತಿಕೊಂಡು ನಡುಭಾಗದ ಬಟ್ಟೆ ಸಡಿಲವಾಗಿ ಉಳಿಯುತ್ತದೆ. ಅಂಚಿನೊಳಗೆ ಫೋಮ್ ಪಟ್ಟಿ ಹೊಲಿದು ಈ ದೋಷವನ್ನು ಕಡಿಮೆ ಮಾಡುತ್ತಾರೆ. ಆಗಲೂ ಶೇ. 135ರ ಹಾಯಿಯನ್ನು ಶೇ. 100ರ ಹತ್ತಿರಕ್ಕೆ ಸುತ್ತುವವರೆಗೆ ಆಕಾರ ತಕ್ಕಮಟ್ಟಿಗೆ ಉಳಿಯುತ್ತದೆಯೇ ಹೊರತು ಅದಕ್ಕಿಂತ ಮುಂದಕ್ಕೆ ಕಷ್ಟ. ಶೇ. 60ಕ್ಕೆ ಸುತ್ತಿದ ಜೆನೊವಾ ಜೋಳಿಗೆಯಂತಾಗುತ್ತದೆ. ಹಾಯಿಯ ಬಲದ ಕೇಂದ್ರ ಮೇಲಕ್ಕೂ ಮುಂದಕ್ಕೂ ಸರಿದು ದೋಣಿ ವಿಪರೀತ ವಾಲುತ್ತದೆ. ಅದಲ್ಲದೆ ಹಗುರ ಗಾಳಿಗೆಂದು ಹೊಲಿದ ತೆಳುಬಟ್ಟೆ ಬಿರುಗಾಳಿಯ ಹೊರೆಯನ್ನು ತಾಳಬೇಕಾಗುತ್ತದೆ. ಸುತ್ತುವ ಹಗ್ಗ ತುಂಡಾದರಂತೂ ಇಡೀ ಹಾಯಿ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು, ಬಂದರಿನಲ್ಲಿ ನಿಂತಾಗ ಹೊಳೆಯದಂಥದ್ದು. ಗಾಡಿಯಲ್ಲಿ ಕೂತ ಜೆನೊವಾವನ್ನು ಇಳಿಸಿ ಅಲ್ಲಿ ಸ್ಟಾರ್ಮ್ ಜಿಬ್ ಏರಿಸಬೇಕಾದರೆ ಮೊದಲು ಜೆನೊವಾವನ್ನು ಪೂರ್ತಿ ಬಿಚ್ಚಬೇಕು. ಸುತ್ತಿದ ಹಾಯಿ ಕೆಳಗಿಳಿಯದು. ಬಿರುಗಾಳಿಯಲ್ಲಿ ಹಾಯಿ ಕಿರಿದಾಗಿಸಲು ಹೊರಟವರು ಅದನ್ನು ಪೂರ್ಣ ಹಿಗ್ಗಿಸಬೇಕು! ಇಬ್ಬರಿರುವ ದೋಣಿಯಲ್ಲಿ ಇದು ಆಗದ ಮಾತು. ಬಿರುಗಾಳಿ ಹಾಯಿಯನ್ನು ಗಾಡಿಯ ಹಂಗಿಲ್ಲದೆ ತಂತಿಗೆ ಕಟ್ಟುವ ವ್ಯವಸ್ಥೆ ಇರಬೇಕೆಂದು ಮೇಲೆ ಹೇಳಿದ ನಿಯಮಗಳು ಒತ್ತಾಯಿಸುವುದು ಈ ಕಾರಣಕ್ಕೆ. ಎರಡನೆಯ ತಂತಿಯ ಅಗತ್ಯ ಹುಟ್ಟುವುದೂ ಇಲ್ಲಿಯೇ.

ಒಂಟಿ ಹಾಯಿಯ ಸ್ಲೂಪ್

ಒಂದು ಫೋರ್‌ಸ್ಟೇ, ಒಂದು ಮುಂಹಾಯಿ ಇರುವ ದೋಣಿಗೆ ಸ್ಲೂಪ್ ಎಂದು ಹೆಸರು. ತಂತಿ ಕಡಿಮೆ, ಖರ್ಚು ಕಡಿಮೆ, ಕೆಡುವ ಭಾಗಗಳೂ ಕಡಿಮೆ. ಗಾಳಿಗೆ ಎದುರಾಗಿ ಅಂಕುಡೊಂಕಾಗಿ ಏರುವಾಗ ದಿಕ್ಕು ಬದಲಿಸಿದರೆ ಹಾಯಿ ಕಂಬದ ಮುಂದಿನಿಂದ ಯಾವ ತಡೆಯೂ ಇಲ್ಲದೆ ಆಚೆ ಮಗ್ಗುಲಿಗೆ ಹೋಗುತ್ತದೆ. ಬೆಳಿಗ್ಗೆ ಹೊರಟು ಸಂಜೆ ಮರಳುವವರಿಗೆ, ಹವಾಮಾನ ಮುನ್ಸೂಚನೆ ನೋಡಿ ಒಂದು ಬಂದರಿನಿಂದ ಇನ್ನೊಂದಕ್ಕೆ ಹೋಗುವವರಿಗೆ ಇದೇ ಸರಿ. ಅಂಥವರು ಶೇ. 150ರ ಜೆನೊವಾ ಬಿಟ್ಟು ಶೇ. 110ರಿಂದ 120ರ ನಡುವಿನದನ್ನು ಹೊಲಿಸಿಕೊಂಡರೆ ಹಗುರ ಗಾಳಿಯಲ್ಲಿ ಸ್ವಲ್ಪ ವೇಗ ಹೋಗಬಹುದು, ಗಟ್ಟಿ ಗಾಳಿಯಲ್ಲಿ ನೆಮ್ಮದಿ ಸಿಗುತ್ತದೆ.

ಇತ್ತೀಚಿನ ಎರಡು ದಶಕಗಳ ಕಾರ್ಖಾನೆ ದೋಣಿಗಳಲ್ಲಿ ಮುಖ್ಯ ಹಾಯಿ ದೊಡ್ಡದು, ಮುಂಹಾಯಿ ಚಿಕ್ಕದು. ಕೆಲವಕ್ಕೆ ಕಂಬದ ಮುಂದಿನ ಹಳಿಯ ಮೇಲೆ ತಾನಾಗಿಯೇ ಎಡಬಲಕ್ಕೆ ಸರಿಯುವ ಜಿಬ್ ಇರುತ್ತದೆ. ಚುಕ್ಕಾಣಿ ತಿರುಗಿಸಿದರೆ ಸಾಕು. ಆದರೆ ಸಾವಿರಾರು ಮೈಲಿಯ ಯಾನಕ್ಕೆ ಹೊರಟಾಗ ಬಿರುಗಾಳಿ ಹಾಯಿಯನ್ನು ಎಲ್ಲಿ ಕಟ್ಟುವುದು ಎಂಬ ಪ್ರಶ್ನೆ ಇಲ್ಲಿಯೂ ತಪ್ಪುವುದಿಲ್ಲ.

ಎರಡು ಮೆಟ್ಟಿಲಿನ ಕಟರ್

ಕಟರ್ ಎಂಬ ಏರ್ಪಾಡಿನಲ್ಲಿ ಮುಂದೆ ಎರಡು ಹಾಯಿ. ಮೂತಿಯ ತುದಿಯಲ್ಲಿ, ಅಥವಾ ಮೂತಿಯಿಂದ ಮುಂದಕ್ಕೆ ಚಾಚಿದ ದಿಮ್ಮಿಯ ಮೇಲೆ, ‘ಯಾಂಕಿ’ ಎಂಬ ಹಾಯಿ. ಇದರ ಕೆಳ ಅಂಚು ಡೆಕ್ಕಿನಿಂದ ಸಾಕಷ್ಟು ಎತ್ತರದಲ್ಲಿರುವುದರಿಂದ ಅಲೆ ಬಡಿಯದು, ಮುಂದಿನ ನೋಟಕ್ಕೂ ಅಡ್ಡಿಯಿಲ್ಲ. ಅದರ ಹಿಂದೆ, ಕಂಬಕ್ಕೆ ಹತ್ತಿರದಲ್ಲಿ, ಒಳ ಸ್ಟೇ ಮೇಲೆ ‘ಸ್ಟೇಸೇಲ್’ ಎಂಬ ಚಿಕ್ಕ ಹಾಯಿ. ನಮ್ಮ ಉದಾಹರಣೆಯ ದೋಣಿಗೆ ಅದು 12-13 ಚದರ ಮೀಟರ್ ಇದ್ದೀತು.

ಇದರ ಗುಣ ಇರುವುದು ಮೆಟ್ಟಿಲು ಇಳಿದಂತೆ ಹಾಯಿ ಇಳಿಸುವುದರಲ್ಲಿ. ಗಾಳಿ 20 ನಾಟ್ ದಾಟಿದಾಗ ಯಾಂಕಿಯನ್ನು ಸುತ್ತುತ್ತಾ ಬಂದು, 30ರ ಹತ್ತಿರ ಪೂರ್ತಿ ಸುತ್ತಿಬಿಟ್ಟರೆ ಸ್ಟೇಸೇಲ್ ಒಂದೇ ಉಳಿಯುತ್ತದೆ. ಅದು ಚಿಕ್ಕದಾಗಿಯೇ ಹೊಲಿದದ್ದು, ದಪ್ಪ ಬಟ್ಟೆಯದು, ಅದರ ಆಕಾರ ಕೆಟ್ಟಿಲ್ಲ. ಕಂಬದ ಬಳಿ, ತಗ್ಗಿನಲ್ಲಿ ಇರುವುದರಿಂದ ಕುಗ್ಗಿಸಿದ ಮುಖ್ಯ ಹಾಯಿಯ ಜೊತೆ ಸೇರಿ ದೋಣಿಯ ಸಮತೋಲನ ಕಾಯುತ್ತದೆ. ಗಾಳಿ ಇನ್ನೂ ಏರಿದರೆ ಆ ಒಳ ಸ್ಟೇಗೇ ಸ್ಟಾರ್ಮ್ ಜಿಬ್ ಕಟ್ಟಬಹುದು. ಕೆಲಸವೆಲ್ಲ ಮೂತಿಯ ತುದಿಯಲ್ಲಿ ನಡೆಯದೆ ಹಲವು ಅಡಿ ಒಳಗೆ ನಡೆಯುತ್ತದೆ. ರಾತ್ರಿ ಎರಡು ಗಂಟೆಗೆ, ಮಳೆಯಲ್ಲಿ, ಒಬ್ಬರೇ ಹೋಗಬೇಕಾದಾಗ ಆ ಹಲವು ಅಡಿಗಳ ಬೆಲೆ ತಿಳಿಯುತ್ತದೆ.

ದೋಷಗಳೂ ಉಂಟು. ದಿಕ್ಕು ಬದಲಿಸುವಾಗ ದೊಡ್ಡ ಯಾಂಕಿಯು ಎರಡು ತಂತಿಗಳ ನಡುವಿನ ಕಿರಿದಾದ ಸಂದಿಯಲ್ಲಿ ನುಸುಳಬೇಕು. ಅಲ್ಲಿ ಅದು ಸಿಕ್ಕಿಕೊಳ್ಳುತ್ತದೆ, ಉಜ್ಜಿ ಸವೆಯುತ್ತದೆ. ಎರಡನೆಯದಾಗಿ, ಒಳ ಸ್ಟೇ ಕಂಬದ ತುದಿಗೆ ಹೋಗದೆ ಮಧ್ಯದಲ್ಲೆಲ್ಲೋ ಸೇರುತ್ತದೆ. ಅಲ್ಲಿ ಅದು ಕಂಬವನ್ನು ಮುಂದಕ್ಕೆ ಎಳೆಯುವುದರಿಂದ ಸರಿಸಮನಾಗಿ ಹಿಂದಕ್ಕೆ ಎಳೆಯುವ ತಂತಿಗಳು ಬೇಕು. ರನ್ನಿಂಗ್ ಬ್ಯಾಕ್‌ಸ್ಟೇ ಎಂಬ ಈ ಜೋಡಿ ತಂತಿಗಳನ್ನು ಪ್ರತಿ ಸಲ ದಿಕ್ಕು ಬದಲಿಸಿದಾಗಲೂ ಒಂದನ್ನು ಬಿಗಿದು ಇನ್ನೊಂದನ್ನು ಸಡಿಲಿಸಬೇಕು. ಮೂರನೆಯದಾಗಿ, ಒಳ ಸ್ಟೇ ಬುಡ ಡೆಕ್ಕಿಗೆ ಸೇರುವ ಜಾಗ. ಡೆಕ್ಕಿನ ಹಲಗೆಗೆ ಬರಿಯ ಬೋಲ್ಟು ಹಾಕಿ ಕೂರಿಸಿದರೆ ಬಿರುಗಾಳಿಯ ಎಳೆತಕ್ಕೆ ಡೆಕ್ಕೇ ಮೇಲೆದ್ದೀತು. ಆ ಎಳೆತವನ್ನು ಕೆಳಗಿನ ಅಡ್ಡಗೋಡೆಗೋ, ಒಡಲಿನ ತಳಕ್ಕೋ ಉಕ್ಕಿನ ಸರಳಿನ ಮೂಲಕ ಒಯ್ಯಬೇಕು. ಹಳೆಯ ಸ್ಲೂಪನ್ನು ಕಟರ್ ಮಾಡಿಸಹೊರಟವರು ಹಣ ಉಳಿಸಲು ಹೋಗಿ ಎಡವುವುದು ಸಾಮಾನ್ಯವಾಗಿ ಇಲ್ಲಿ.

ಸೊಲೆಂಟ್ ಮತ್ತು ಕಳಚಿಡುವ ಸ್ಟೇ

ಈ ಎರಡರ ನಡುವಿನ ದಾರಿ ಸೊಲೆಂಟ್. ಇಲ್ಲಿ ಎರಡನೆಯ ತಂತಿ ಫೋರ್‌ಸ್ಟೇಯ ಸ್ವಲ್ಪವೇ ಹಿಂದೆ, ಬಹುತೇಕ ಅದಕ್ಕೆ ಸಮಾನಾಂತರವಾಗಿ ಏರಿ ಕಂಬದ ಮೇಲ್ತುದಿಯ ಹತ್ತಿರ ಸೇರುತ್ತದೆ. ಬ್ಯಾಕ್‌ಸ್ಟೇ ಅಲ್ಲಿಯೇ ಹಿಂದಕ್ಕೆ ಎಳೆಯುತ್ತಿರುವುದರಿಂದ ರನ್ನಿಂಗ್ ಬ್ಯಾಕ್‌ಸ್ಟೇಗಳ ತಾಪತ್ರಯ ಸಾಮಾನ್ಯವಾಗಿ ಇರದು. ಹೊರಗಿನ ತಂತಿಯಲ್ಲಿ ಹಗುರ ಗಾಳಿಯ ದೊಡ್ಡ ಜೆನೊವಾ, ಒಳಗಿನದರಲ್ಲಿ ಗಟ್ಟಿ ಗಾಳಿಯ ಜಿಬ್. ಎದುರುಗಾಳಿಯಲ್ಲಿ ಒಂದು ಹೊತ್ತಿಗೆ ಒಂದನ್ನೇ ಬಿಚ್ಚಬೇಕು. ಸಂದಿ ತೀರ ಕಿರಿದಾದ್ದರಿಂದ ಜೆನೊವಾ ಬಿಚ್ಚಿ ದಿಕ್ಕು ಬದಲಿಸಬೇಕಾದರೆ ಅದನ್ನು ಪೂರ್ತಿ ಸುತ್ತಿ, ಆಚೆ ಮಗ್ಗುಲಲ್ಲಿ ಮತ್ತೆ ಬಿಚ್ಚಬೇಕು. ದಿನಗಟ್ಟಲೆ ಒಂದೇ ದಿಕ್ಕಿಗೆ ಹೋಗುವವರಿಗೆ ಇದು ತೊಂದರೆಯಲ್ಲ. ಆದರೆ ಸ್ಟೇಸೇಲಿಗೆ ಹೋಲಿಸಿದರೆ ಸೊಲೆಂಟ್ ಜಿಬ್ ಇರುವುದು ಮುಂದೆ, ಎತ್ತರದಲ್ಲಿ. 40 ನಾಟ್ ಗಾಳಿಗೆ ಕಟರ್ ಕೊಡುವ ಸಮತೋಲನವನ್ನು ಅದು ಕೊಡುವುದಿಲ್ಲ.

ಹೆಚ್ಚು ಜನಪ್ರಿಯವಾದ ಇನ್ನೊಂದು ಪರಿಹಾರವೆಂದರೆ ಕಳಚಿಡಬಹುದಾದ ಒಳ ಸ್ಟೇ. ಸಾಧಾರಣ ದಿನಗಳಲ್ಲಿ ಅದನ್ನು ಡೆಕ್ಕಿನಿಂದ ಬಿಡಿಸಿ ಕಂಬದ ಪಕ್ಕಕ್ಕೆ ಕಟ್ಟಿಟ್ಟಿರುತ್ತಾರೆ. ಆಗ ದೋಣಿ ಸ್ಲೂಪಿನಂತೆ ಸರಾಗವಾಗಿ ದಿಕ್ಕು ಬದಲಿಸುತ್ತದೆ. ಮೋಡ ಕವಿಯುವ ಮುನ್ಸೂಚನೆ ಬಂದಾಗ ಅದನ್ನು ತಂದು ಸಿಕ್ಕಿಸಿ, ಸನ್ನೆಕೋಲಿನಿಂದ ಬಿಗಿದು, ಸ್ಟೇಸೇಲಿನ ಕೊಕ್ಕೆಗಳನ್ನು ಹಾಕಿ ಸಿದ್ಧವಾಗಿಡುತ್ತಾರೆ. ಹಿಂದೆ ಇದಕ್ಕೆ ಉಕ್ಕಿನ ತಂತಿಯೇ ಬೇಕಿತ್ತು. ಕಟ್ಟಿಟ್ಟ ತಂತಿ ಅಲ್ಲಾಡಿ ಕಂಬಕ್ಕೆ ಬಡಿಯುತ್ತಿತ್ತು. ಈಗ ಡೈನೀಮಾ ಎಂಬ ಅತಿಬಲದ ನಾರಿನ ಹಗ್ಗ ಆ ಸ್ಥಾನಕ್ಕೆ ಬಂದಿದೆ. ಉಕ್ಕಿನಷ್ಟೇ ಬಲ, ತೂಕ ತೀರ ಕಡಿಮೆ. ಆದರೆ ಈ ಏರ್ಪಾಡು ಶಿಸ್ತು ಬೇಡುತ್ತದೆ. ಗಾಳಿ ಬರುವ ಮೊದಲೇ ಕಟ್ಟಿದರೆ ಐದು ನಿಮಿಷದ ಕೆಲಸ, ಬಂದ ಮೇಲೆ ಕಟ್ಟಹೋದರೆ ಪ್ರಾಣಕ್ಕೆ ಸಂಚಕಾರ.

ಗೋಲ್ಡನ್ ಗ್ಲೋಬ್ ಕಲಿಸಿದ ಪಾಠ

ಈ ಚರ್ಚೆಗೆ ಬಹುದೊಡ್ಡ ಪ್ರಯೋಗಶಾಲೆ ಎನ್ನಬಹುದಾದದ್ದು ಗೋಲ್ಡನ್ ಗ್ಲೋಬ್ ಓಟ. 1968ರಲ್ಲಿ ಬ್ರಿಟನ್ನಿನಿಂದ ಹೊರಟು ಎಲ್ಲಿಯೂ ತಂಗದೆ, ಒಂಟಿಯಾಗಿ ಭೂಮಿ ಸುತ್ತಿ 1969ರ ಏಪ್ರಿಲ್ 22ರಂದು ಮರಳಿದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ‘ಸುಹೈಲಿ’ ಕಟ್ಟಲ್ಪಟ್ಟದ್ದು ನಮ್ಮ ಮುಂಬಯಿಯಲ್ಲಿ, ಸಾಗುವಾನಿ ಮರದಿಂದ. 32 ಅಡಿಯ ಆ ದೋಣಿಗೆ ಎರಡು ಕಂಬಗಳು. ಮುಂದೆಯೂ ಒಂದು ದೊಡ್ಡ ಹಾಯಿಯ ಬದಲು ಜಿಬ್ ಮತ್ತು ಸ್ಟೇಸೇಲ್ ಎಂದು ಎರಡು. 312 ದಿನ ಒಬ್ಬರೇ ದುಡಿಯಬೇಕಾದಾಗ ಯಾವ ಹಾಯಿಯೂ ಒಬ್ಬ ಮನುಷ್ಯನ ಶಕ್ತಿಯನ್ನು ಮೀರದಂತೆ ಹಂಚಿಹಾಕುವ ಹಳೆಯ ವಿವೇಕ ಅದು.

ಆ ಓಟದ ಐವತ್ತನೆಯ ವರ್ಷಕ್ಕೆ, 2018ರಲ್ಲಿ ಹಳೆಯ ವಿನ್ಯಾಸದ 32ರಿಂದ 36 ಅಡಿಯ ದೋಣಿಗಳಿಗಷ್ಟೇ ಅವಕಾಶವಿತ್ತು. ಎಂದರೆ ಸಾಮಾನ್ಯ ಯಾನಿಗರು ಕೊಳ್ಳಬಹುದಾದಂಥವೇ. ಹೊರಟವರು 18 ಮಂದಿ. ಐದು ದೋಣಿಗಳ ಕಂಬ ಮುರಿಯಿತು. ಅವುಗಳಲ್ಲಿ ನೌಕಾಪಡೆಯ ಅಭಿಲಾಷ್ ಟೋಮಿ ಅವರ ‘ತುರಿಯಾ’ ಒಂದು. ಸುಹೈಲಿಯ ಪ್ರತಿರೂಪವಾಗಿ ಗೋವೆಯಲ್ಲಿ ಕಟ್ಟಿದ ಆ ದೋಣಿ 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಉರುಳಿತು. ಬೆನ್ನುಮೂಳೆಗೆ ಪೆಟ್ಟಾಗಿ ಮಲಗಿದ್ದ ಟೋಮಿಯವರನ್ನು ಮೂರು ದಿನಗಳ ಬಳಿಕ ಫ್ರೆಂಚ್ ಗಸ್ತು ಹಡಗು ರಕ್ಷಿಸಿತು. ಗೆದ್ದ ಫ್ರಾನ್ಸಿನ ಜಾನ್-ಲುಕ್ ವಾನ್ ಡೆನ್ ಹೀಡ್ ಅವರ ದೋಣಿಯೂ ಅಡ್ಡಬಿದ್ದು, ಶ್ರೌಡ್‌ಗಳು ಕಂಬಕ್ಕೆ ಸೇರುವ ಜಾಗ ಜಖಂಗೊಂಡಿತ್ತು. 73ರ ವಯಸ್ಸಿನ ಅವರು ನಡುಗಡಲಿನಲ್ಲಿ ಮತ್ತೆ ಮತ್ತೆ ಕಂಬ ಹತ್ತಿ ಅದನ್ನು ಸರಿಪಡಿಸಿ, ಹಾಯಿ ಕಡಿಮೆ ಮಾಡಿಕೊಂಡು ಗುರಿ ಮುಟ್ಟಿದರು.

2022ರ ಓಟದಲ್ಲಿ 16 ಮಂದಿ ಹೊರಟರು. ಎಲ್ಲಿಯೂ ತಂಗದೆ ಸುತ್ತು ಮುಗಿಸಿದವರು ಮೂವರೇ. 2023ರ ಏಪ್ರಿಲ್ 27ರಂದು ಮೊದಲು ಬಂದ ದಕ್ಷಿಣ ಆಫ್ರಿಕದ ಕರ್ಸ್ಟನ್ ನ್ಯೂಶೇಫರ್ ಅವರದು ಮೂತಿಯ ದಿಮ್ಮಿಯುಳ್ಳ ಕಟರ್. ಎರಡು ದಿನಗಳ ಬಳಿಕ ಬಂದ ಅಭಿಲಾಷ್ ಟೋಮಿ ಅವರದು ಒಂಟಿಕಂಬದ ರಸ್ಲರ್ 36. ಮೂರನೆಯವರಾದ ಆಸ್ಟ್ರಿಯಾದ ಮೈಕೆಲ್ ಗುಗೆನ್‌ಬರ್ಗರ್ ಅವರದು ಎರಡು ಕಂಬದ ಕೆಚ್. ಮೂವರು ಮೂರು ಬಗೆಯ ದೋಣಿಯಲ್ಲಿ ಬಂದರೆಂಬುದನ್ನು ಗಮನಿಸಬೇಕು. ಇಂಥದ್ದೇ ಏರ್ಪಾಡು ಶ್ರೇಷ್ಠವೆಂಬ ತೀರ್ಪನ್ನು ಕಡಲು ಕೊಟ್ಟಿಲ್ಲ. ಇಡೀ ದೋಣಿಯೇ ತಲೆಕೆಳಗಾದಾಗ ಎಷ್ಟು ತಂತಿಯಿದ್ದರೂ ಕಂಬ ಉಳಿಯುವ ಭರವಸೆಯಿಲ್ಲ ಎಂಬುದನ್ನೂ 2018ರ ಅನುಭವ ತೋರಿಸಿತು. ತಂತಿಗಳ ಏರ್ಪಾಡು ಮಾಡಬಲ್ಲದ್ದು ಇಷ್ಟೇ: ಅಂಥ ಸ್ಥಿತಿ ಬರುವ ಮುನ್ನ ದೋಣಿಯನ್ನು ಹತೋಟಿಯಲ್ಲಿಡಲು, ಪೆಟ್ಟು ಬಿದ್ದ ಮೇಲೂ ಕಂಬವನ್ನು ಹಿಡಿದಿಡಲು ಒಂದು ಅವಕಾಶ ಹೆಚ್ಚಿಸುವುದು.

ಒಂದು ತಂತಿ ಹೋದರೆ?

ಯಾನದೋಣಿಗಳಲ್ಲಿ ಸಾಮಾನ್ಯವಾಗಿ 19 ಎಳೆಗಳನ್ನು ಹೊಸೆದ ಸ್ಟೇನ್‌ಲೆಸ್ ಉಕ್ಕಿನ ತಂತಿ ಇರುತ್ತದೆ. 8 ಮಿ.ಮೀ. ದಪ್ಪದ್ದು ಸುಮಾರು 5 ಟನ್ ಎಳೆತ ತಡೆದೀತು. ಅದು ಒಮ್ಮೆಗೇ ಹರಿಯುವುದು ಕಡಿಮೆ. ವರ್ಷಗಟ್ಟಲೆ ಅಲ್ಲಾಡಿ ಲೋಹ ದಣಿದು, ಉಪ್ಪುನೀರು ಕೂತು ಕೊರೆದು, ತುದಿಯ ಹಿಡಿಕೆಯೊಳಗೆ ಒಂದೊಂದೇ ಎಳೆ ತುಂಡಾಗುತ್ತದೆ. ಫೋರ್‌ಸ್ಟೇಗಂತೂ ಫರ್ಲಿಂಗ್ ಕೊಳವೆಯೇ ಮುಸುಕು. ಉಳಿದ ತಂತಿಗಳನ್ನು ಕೈಯಿಂದ ಸವರಿ ನೋಡಬಹುದು, ಇದನ್ನು ನೋಡಲಾಗದು. ಹಾಗಾಗಿ 10ರಿಂದ 15 ವರ್ಷಕ್ಕೊಮ್ಮೆ ತಂತಿಗಳನ್ನೆಲ್ಲ ಬದಲಿಸುವುದು ರೂಢಿ.

ಇಷ್ಟೆಲ್ಲ ಆಗಿಯೂ ನಡುಗಡಲಿನಲ್ಲಿ ಫೋರ್‌ಸ್ಟೇ ಹರಿದರೆ ಒಂಟಿ ತಂತಿಯ ಸ್ಲೂಪಿನ ಕಂಬವನ್ನು ಸ್ವಲ್ಪ ಹೊತ್ತು ಹಿಡಿದಿಡುವುದು ಮುಂಹಾಯಿಯ ಅಂಚು ಮತ್ತು ಅದನ್ನು ಏರಿಸಿದ ಹಗ್ಗ ಮಾತ್ರ. ತಕ್ಷಣ ದೋಣಿಯನ್ನು ಗಾಳಿಗೆ ಬೆನ್ನುಮಾಡಿ ತಿರುಗಿಸಿ, ಬಿಡುವಿರುವ ಹಗ್ಗಗಳನ್ನು ಮೂತಿಗೆ ಒಯ್ದು ಬಿಗಿಯಬೇಕು. ಒಳ ಸ್ಟೇ ಇದ್ದ ದೋಣಿಗೆ ಇನ್ನೊಂದು ಆಸರೆ ಆಗಲೇ ಇರುತ್ತದೆ. ದೂರ ಹೋಗುವವರು ಎರಡನೆಯ ತಂತಿಗೆ ಹಣ ಹಾಕಲು ಇದೊಂದು ಕಾರಣವೇ ಸಾಕು.

ಹಿಂಗಾಳಿಗೆ ಜೋಡಿ, ನಮ್ಮ ಕರಾವಳಿಗೆ ಚೂಪು

ಎರಡು ಮುಂಹಾಯಿಗಳಿಗೆ ಇನ್ನೊಂದು ಉಪಯೋಗವುಂಟು. ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್‌ಗೆ ವಾಣಿಜ್ಯ ಮಾರುತಗಳ ಬೆನ್ನೇರಿ ಹೋಗುವವರು ಎರಡು ಹಾಯಿಗಳನ್ನು ಎಡಕ್ಕೊಂದು ಬಲಕ್ಕೊಂದು ಗಳುಗಳಿಂದ ಚಾಚಿ ಹಕ್ಕಿಯ ರೆಕ್ಕೆಯಂತೆ ಬಿಚ್ಚುತ್ತಾರೆ. ಮುಖ್ಯ ಹಾಯಿಯನ್ನು ಇಳಿಸಿಬಿಡುವುದರಿಂದ ಅದರ ಅಡ್ಡದಿಮ್ಮಿ ಅಚಾನಕ್ಕಾಗಿ ಮಗುಚಿ ತಲೆಗೆ ಬಡಿಯುವ ಭಯವಿಲ್ಲ. ದೋಣಿ ಎಡಬಲಕ್ಕೆ ಹೊರಳಾಡುವುದನ್ನು ಮಾತ್ರ ಸಹಿಸಬೇಕು. ಆಗ್ನೇಯ ಏಷ್ಯಾದಿಂದ ಶ್ರೀಲಂಕಾ ಬಳಸಿ ಪಶ್ಚಿಮಕ್ಕೆ ಸಾಗುವ ದೋಣಿಗಳು ಜನವರಿಯಿಂದ ಮಾರ್ಚ್‌ವರೆಗಿನ ಈಶಾನ್ಯ ಮಾರುತದಲ್ಲಿ ಪಯಣಿಸುವುದೂ ಇದೇ ಲೆಕ್ಕದಲ್ಲಿ.

ನಮ್ಮ ಕಾರವಾರ-ಮಂಗಳೂರು ಕರಾವಳಿಯ ಲೆಕ್ಕ ಬೇರೆ. ಮುಂಗಾರಿನ ತಿಂಗಳುಗಳಲ್ಲಿ ಸಣ್ಣ ದೋಣಿ ಕಡಲಿಗಿಳಿಯುವ ಮಾತಿಲ್ಲ. ಬೇಸಗೆಗೆ ಮುನ್ನಿನ ಒಣ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ, ರಾತ್ರಿ ಭೂಮಿಯ ಕಡೆಯಿಂದ ಹಗುರ ಗಾಳಿ ಬೀಸುತ್ತದೆ. ಗೋವೆಯಿಂದ ಮಂಗಳೂರಿಗೆ ಇಳಿಯುವಾಗ ಅದು ಹಿಂಗಾಳಿ, ಮರಳುವಾಗ ಎದುರುಗಾಳಿ. ಎದುರುಗಾಳಿಯಲ್ಲಿ ಏರಬೇಕಾದರೆ ಬಿಗಿಯಾದ ಫೋರ್‌ಸ್ಟೇ, ಆಕಾರ ಕೆಡದ ಹೊಸ ಜಿಬ್ ಮುಖ್ಯ. ಇಂಥ ಪಯಣಕ್ಕೆ ಖಾಯಂ ಕಟರ್ ಅನಗತ್ಯ. ಒಳ್ಳೆಯ ಸ್ಲೂಪಿಗೆ ಕಳಚಿಡುವ ಒಳ ಸ್ಟೇ ಸೇರಿಸಿದರೆ ಧಾರಾಳವಾಯಿತು.

ಹಣ ತೆರುವ ಮುನ್ನ

ಕೊನೆಗೆ ನಿರ್ಧಾರ ನಿಲ್ಲುವುದು ಕೆಲವು ಸರಳ ಪ್ರಶ್ನೆಗಳ ಮೇಲೆ. ದೋಣಿ ಹೋಗುವುದೆಲ್ಲಿಗೆ? ಬಂದರಿನಿಂದ ಬಂದರಿಗೋ, ಸಾಗರ ದಾಟಲೋ? ಅದರಲ್ಲಿರುವವರು ಎಷ್ಟು ಮಂದಿ, ಅವರ ವಯಸ್ಸೆಷ್ಟು? ಅವರಲ್ಲಿ ಅತಿ ದುರ್ಬಲರಾದವರು ಒಬ್ಬರೇ ಎಚ್ಚರವಿದ್ದಾಗ ಮುಂಹಾಯಿ ಕುಗ್ಗಿಸಬಲ್ಲರೇ? ಬಿರುಗಾಳಿ ಹಾಯಿಯನ್ನು ಯಾವ ತಂತಿಗೆ, ಯಾವ ಹಗ್ಗದಿಂದ ಏರಿಸಬೇಕೆಂಬುದು ಎಲ್ಲರಿಗೂ ಗೊತ್ತೇ? ಒಳ ಸ್ಟೇ ಸೇರಿಸುವುದಾದರೆ ಡೆಕ್ಕಿನ ಕೆಳಗೆ ಎಳೆತ ಹೊರುವ ಆಧಾರವೇನು, ಕಂಬದ ಹಿಂದೆ ಎದುರೆಳೆತ ಯಾವುದು? ಕೊನೆಯ ಎರಡಕ್ಕೆ ದೋಣಿಯ ವಿನ್ಯಾಸಕಾರರಿಂದಲೋ, ಅನುಭವಿ ರಿಗ್ಗರ್‌ನಿಂದಲೋ ಲಿಖಿತ ಉತ್ತರ ಪಡೆಯುವುದು ಕ್ಷೇಮ.

ಏರ್ಪಾಡು ಯಾವುದೇ ಆಗಲಿ, ಸ್ಟಾರ್ಮ್ ಜಿಬ್ಬನ್ನು ಮೊದಲ ಸಲ ಬಿಚ್ಚುವುದು ಬಿರುಗಾಳಿಯ ದಿನ ಆಗಬಾರದು. ಗಾಳಿಯಿಲ್ಲದ ಒಂದು ಬೆಳಿಗ್ಗೆ, ಬಂದರಿನಲ್ಲಿ ಕಟ್ಟಿದ ದೋಣಿಯಲ್ಲಿಯೇ ಅದನ್ನು ಚೀಲದಿಂದ ತೆಗೆದು, ಒಳ ಸ್ಟೇಗೆ ಕೊಕ್ಕೆ ಹಾಕಿ, ಏರಿಸಿ, ಹಗ್ಗಗಳು ಎಲ್ಲಿಗೆ ಬರುತ್ತವೆಂದು ನೋಡಿ, ಡೆಕ್ಕಿನ ಮೇಲೆ ಗುರುತು ಹಾಕಿಡಬೇಕು. ಅದಕ್ಕೆ ತಗಲುವುದು ಅರ್ಧ ಗಂಟೆ.